ಬಾವಿಯಲ್ಲಿ ಕಲಿತ ಈಜು ಹಾಫ್ ಮೂನ್ ಬೀಚಿಗೆ ಸಾಕೇ?

ಪ್ರಶ್ನೆ: ನಮಸ್ಕಾರ್ರಿ. ನಾವು ಕಲಬುರಗಿಯವರು. ಈ ಸಲ ಶಿವರಾತ್ರಿಗೆ ಗೋಕರ್ಣಕ್ಕ ಹೋಗಿ, ಮಹಾಬಲೇಶ್ವರನ ದರ್ಶನ ಮುಗಿಸಿ, ಮರುದಿನ ಹಾಫ್ ಮೂನ್ ಬೀಚಿಗೆ ಹೋಗಬೇಕಂತ ಮಾಡೀವಿ. ಎರಡೂ ಕಡೆ ಗುಡ್ಡ ಅದ, ನೀರು ಕೆರಿ ಹಂಗ ನಿಂತಿರ್ತದ, ಅಲ್ಲಿ ಏನೂ ಅಂಜಿಕಿ ಇಲ್ಲ ಅಂತ ಹೋಗಿ ಬಂದವರು ಹೇಳ್ತಾರ. ನಾನು, ನನ್ನ ತಮ್ಮ ಇಬ್ಬರೂ ಸಣ್ಣವರಿದ್ದಾಗಿಂದ ಹೊಲದ ಬಾವ್ಯಾಗ, ಶಹಾಬಾದ ಕಡೆ ಫರ್ಸಿ ಖಣಿಯೊಳಗ ಈಸು ಬಿದ್ದವರು. ಹುಡುಗರಿಗೂ ಡಬ್ಬಿ ಕಟ್ಟಿ ನಾವೇ ಕಲಿಸೀವಿ. ದೊಡ್ಡಾವಗ 14, ಸಣ್ಣಾವಗ 9 ವರ್ಷ. ದೊಡ್ಡಾವ ಬಂಡಿ ಮ್ಯಾಲಿಂದ ಜಿಗೀತೀನಿ ಅಂತಾನ. ಉಪ್ಪುನೀರಾಗ ಮನುಷ್ಯ ಮುಳುಗಂಗಿಲ್ಲ ಅಂತಾರ, ಖರೇನ? ಅದರ ಮರುದಿನ ಮುರ್ಡೇಶ್ವರಕ್ಕ ಹೋಗಿ ನೇತ್ರಾಣಿ ನಡುಗಡ್ಡಿ ಹತ್ರ ಸ್ಕೂಬಾ, ಅಂದ್ರ ಗಾಳಿ ಸಿಲಿಂಡರ್ ಕಟ್ಕೊಂಡು ನೀರಾಗ ಮುಳುಗೋದು, ಮಾಡೋ ವಿಚಾರನೂ ಅದ. ನನ್ನ ಹೆಂಡತಿಗೆ ಈಸಾಕ ಬರಂಗಿಲ್ಲ. ನನಗ 46, ಬಿ.ಪಿ. ಗುಳಿಗಿ ನಡದಾವ. ಸ್ಕೂಬಾ ಮುಗಿಸಿ ಅವತ್ತೇ ರಾತ್ರಿ ಗಾಡಿ ಬಿಟ್ಟು ಊರಿಗೆ ಬರಬೇಕು. ಏನೇನು ನೋಡ್ಕೋಬೇಕು, ಬಿಚ್ಚಿ ಹೇಳ್ರಿ.

ಉತ್ತರ: ಮೂವತ್ತು ಅಡಿ ನೀರಿಗೆ ಹೆದರದವರು ಎದೆಮಟ್ಟದ ನೀರಿಗೆ ಹೆದರಬೇಕೇ ಎಂಬುದು ನಿಮ್ಮ ಪತ್ರದ ಒಳಗಿರುವ ಪ್ರಶ್ನೆ. ಬಾವಿ ನಿಮಗೆ ಆಳದ ಅಂಜಿಕೆ ಬಿಡಿಸಿದೆ, ಅದು ದೊಡ್ಡ ಗಳಿಕೆಯೇ. ಆದರೆ ಹರಿಯುವ ನೀರನ್ನು ಬಾವಿಯೂ ಕಲಿಸಿಲ್ಲ, ಖಣಿಯೂ ಕಲಿಸಿಲ್ಲ. ಬಾವಿಯಲ್ಲಿ ಎತ್ತ ಈಜಿದರೂ ನಾಲ್ಕು ಕೈ ಹಾಕುವಷ್ಟರಲ್ಲಿ ಗೋಡೆ ಸಿಗುತ್ತದೆ, ದಣಿದರೆ ಒಂದು ಕಲ್ಲು ಹಿಡಿದು ನಿಂತು ಉಸಿರು ತಿರುಗಿಸಿಕೊಳ್ಳಬಹುದು. ಕೊಲ್ಲಿಯಲ್ಲಿ ಕೈಗೆ ಸಿಗುವ ಗೋಡೆ ಎಂದರೆ ಆ ಎರಡು ಬದಿಯ ಬಂಡೆಗಳು. ಅಪಾಯ ಇರುವುದೇ ಅಲ್ಲಿ.

"ಕೆರೆಯಂಥ ನೀರು" ಎಂಬ ಮಾತು ಅರ್ಧ ನಿಜ. ಗೋಕರ್ಣದಿಂದ ದಕ್ಷಿಣಕ್ಕೆ ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್ ಎಂದು ಒಂದಾದ ಮೇಲೊಂದು ಸಣ್ಣ ಕೊಲ್ಲಿಗಳಿವೆ, ನಡುನಡುವೆ ಗುಡ್ಡ ಕಡಲೊಳಗೆ ಚಾಚಿಕೊಂಡಿದೆ. ತೆರೆಗಳು ಗುಡ್ಡದ ತುದಿ ಸುತ್ತಿ ಬಾಗುತ್ತವೆ. ಅವುಗಳ ಬಲವೆಲ್ಲ ಆ ತುದಿಯ ಮೇಲೆ ಬಿದ್ದು, ಕೊಲ್ಲಿಯೊಳಗೆ ತೆಳ್ಳಗೆ ಹರಡಿಕೊಳ್ಳುತ್ತದೆ. ಹಾಗಾಗಿ ನವೆಂಬರ್‌ನಿಂದ ಫೆಬ್ರವರಿವರೆಗೆ, ಬೆಳಗಿನ ಹೊತ್ತು, ಕೊಲ್ಲಿಯ ನಡುಭಾಗ ನಿಜಕ್ಕೂ ಸೌಮ್ಯ.

ಆದರೆ ತೆರೆಯ ಜೊತೆ ದಡಕ್ಕೆ ಬಂದ ನೀರು ಎಲ್ಲಿಂದಾದರೂ ಹಿಂದಕ್ಕೆ ಹೋಗಲೇಬೇಕು. ಕೊಲ್ಲಿಗಳಲ್ಲಿ ಅದು ಬಹಳ ಸಲ ಬಂಡೆಯ ಬುಡದ ಗುಂಟ ಹೊರಗೆ ಹರಿಯುತ್ತದೆ. ಹರಿದು ಹರಿದು ಅಲ್ಲಿ ಮರಳು ಕೊರೆದು ಕಾಲುವೆಯಾಗಿರುತ್ತದೆ. ಕಾಲುವೆ ಆಳವಾಗಿರುವುದರಿಂದ ಅಲ್ಲಿ ತೆರೆ ಒಡೆಯುವುದಿಲ್ಲ, ನೊರೆ ಕಡಿಮೆ, ನೀರಿನ ಬಣ್ಣ ಸ್ವಲ್ಪ ಗಾಢ. ನೋಡುವವರ ಕಣ್ಣಿಗೆ ಇಡೀ ದಂಡೆಯಲ್ಲಿ ಅದೇ ಶಾಂತವಾದ ಜಾಗ. ಜೊತೆಗೆ ಬಂಡೆಯ ನೆರಳು, ಚಪ್ಪಲಿ-ಬ್ಯಾಗು ಇಡಲು ಅನುಕೂಲ. ಒಳನಾಡಿನಿಂದ ಬಂದ ಕುಟುಂಬಗಳು ಹುಡುಕಿ ಹುಡುಕಿ ಅಲ್ಲೇ ನೀರಿಗಿಳಿಯುತ್ತವೆ.

ಈ ಹೊರಹರಿವನ್ನು ಭೀಮಾ ನದಿಯ ಭಾಷೆಯಲ್ಲಿ ಸೆಳವು ಅನ್ನೋಣ. ಸಾಮಾನ್ಯ ದಿನ ಸೆಕೆಂಡಿಗೆ ಒಂದೆರಡು ಅಡಿ, ಜೋರಾದಾಗ ಎಂಟು ಅಡಿವರೆಗೂ ಹೋಗುತ್ತದೆ. ಬಾವಿಯಲ್ಲಿ ಪಳಗಿದ ಒಳ್ಳೆಯ ಈಜುಗಾರ ಸೆಕೆಂಡಿಗೆ ಎರಡು, ಎರಡೂವರೆ ಅಡಿ ಸಾಗಬಲ್ಲ, ಅದೂ ಮೊದಲ ಕೆಲವು ನಿಮಿಷ ಮಾತ್ರ. ಲೆಕ್ಕ ನಿಮಗೇ ಗೊತ್ತಾಯಿತು. ಕಡಲು ಕಾಲು ಹಿಡಿದು ಕೆಳಕ್ಕೆ ಎಳೆಯುತ್ತದೆ ಎಂಬ ನಂಬಿಕೆ ಮಾತ್ರ ಸುಳ್ಳು. ಸೆಳವು ಹೊರಕ್ಕೆ ಒಯ್ಯುತ್ತದೆ, ಕೆಳಕ್ಕಲ್ಲ. ಮುಳುಗಿಸುವುದು ದಡದ ಕಡೆ ಮುಖ ಮಾಡಿ ಅದರ ವಿರುದ್ಧ ಗುದ್ದಾಡಿ ಬರುವ ದಣಿವು.

ಸಿಕ್ಕಿಬಿದ್ದರೆ ಮೊದಲು ಅಂಗಾತ ತೇಲಿ, ಉಸಿರು ಹಿಡಿತಕ್ಕೆ ತನ್ನಿ, ಒಂದು ಕೈ ಮೇಲೆತ್ತಿ ದಡದವರಿಗೆ ತೋರಿಸಿ. ಆಮೇಲೆ ಅಡ್ಡಕ್ಕೆ ಈಜಿ. ದಡಕ್ಕೆ ಸಮಾಂತರವಾಗಿ ಈಜಿ ಎಂದು ಎಲ್ಲ ಫಲಕಗಳಲ್ಲೂ ಬರೆದಿರುತ್ತದೆ, ಯಾವ ಕಡೆಗೆ ಎಂದು ಬರೆದಿರುವುದಿಲ್ಲ. ಉದ್ದನೆಯ ದಂಡೆಯಲ್ಲಿ ಯಾವ ಕಡೆಗಾದರೂ ನಡೆದೀತು, ಕೊಲ್ಲಿಯಲ್ಲಿ ನಡೆಯದು. ಬಂಡೆಗೆ ಬೆನ್ನು ಮಾಡಿ ಕೊಲ್ಲಿಯ ನಡುವಿನ ಕಡೆಗೇ ಈಜಬೇಕು, ಬಿಳಿ ನೊರೆ ದಡಕ್ಕೆ ಓಡುವ ಕಡೆಗೆ. ಗಾಬರಿಯಲ್ಲಿ ಹತ್ತಿರ ಕಂಡ ಬಂಡೆ ಹಿಡಿಯಲು ಹೋದರೆ ತೆರೆ ಎತ್ತಿ ಅದರ ಮೇಲೆ ಬಡಿಯುತ್ತದೆ. ಬಂಡೆಯ ಮೈಯೆಲ್ಲ ಬ್ಲೇಡಿನಂಥ ಚಿಪ್ಪು, ಮೇಲೆ ಪಾಚಿ.

ಇನ್ನು ನಿಮ್ಮ ದಿನ. ಶಿವರಾತ್ರಿ ಬರುವುದು ಬಹುಳ ಚತುರ್ದಶಿಗೆ, ಮರುದಿನವೇ ಅಮಾವಾಸ್ಯೆ. ಉಬ್ಬರ-ಇಳಿತ ಅತಿ ದೊಡ್ಡದಾಗಿರುವುದು ಅಮಾವಾಸ್ಯೆ, ಹುಣ್ಣಿಮೆ ಮತ್ತು ಅವುಗಳ ನಂತರದ ಒಂದೆರಡು ದಿನ. ಅಂದರೆ ದರ್ಶನ ಮುಗಿಸಿ ನೀವು ನೀರಿಗಿಳಿಯುವ ದಿನಗಳಲ್ಲೇ ಕಡಲು ಅತಿ ಹೆಚ್ಚು ಏರಿ, ಅತಿ ಹೆಚ್ಚು ಇಳಿಯುತ್ತದೆ. ಏರಲು ಸುಮಾರು ಆರು ಗಂಟೆ, ಇಳಿಯಲು ಆರು ಗಂಟೆ. ಇಳಿಯುವ ಆರು ಗಂಟೆಗಳಲ್ಲಿ ಮೂರನೆಯ ಮತ್ತು ನಾಲ್ಕನೆಯ ಗಂಟೆಗಳಲ್ಲೇ ಅರ್ಧದಷ್ಟು ನೀರು ಹೊರಗೆ ಹೋಗುತ್ತದೆ. ಆ ಎರಡು ಗಂಟೆ ದಡದಲ್ಲೇ ಕೂತು ಊಟ ಮಾಡಿ. ಕಾರವಾರದ ಉಬ್ಬರ-ಇಳಿತದ ವೇಳಾಪಟ್ಟಿ ಮೊಬೈಲಿನಲ್ಲೇ ಸಿಗುತ್ತದೆ, ಗೋಕರ್ಣಕ್ಕೂ ಹೆಚ್ಚುಕಡಿಮೆ ಅದೇ. ವೇಳೆ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ, ನಿನ್ನೆಯ ಲೆಕ್ಕ ಇವತ್ತಿಗೆ ಹಿಡಿಯಬೇಡಿ. ಇಳಿತದಲ್ಲಿ ಬಂಡೆ ದಾಟಿ ಆಚೆಗೆ ಹೋದ ಹುಡುಗರಿಗೆ ಉಬ್ಬರದಲ್ಲಿ ವಾಪಸು ಬರುವ ದಾರಿ ಮುಳುಗಿರುತ್ತದೆ, ಇದನ್ನು ದೊಡ್ಡವನಿಗೆ ಮೊದಲೇ ಹೇಳಿಡಿ.

ನೀರಿಗಿಳಿಯುವ ಮುಂಚೆ ಇಪ್ಪತ್ತು ನಿಮಿಷ ಸುಮ್ಮನೆ ನಿಂತು ನೋಡಿ. ಐದು ನಿಮಿಷ ಸಾಲದು. ದೊಡ್ಡ ತೆರೆಗಳು ಗುಂಪಾಗಿ ಬರುತ್ತವೆ. ಹತ್ತು ನಿಮಿಷ ಪಾದ ತೋಯಿಸುವಷ್ಟೇ ಇದ್ದು, ನಂತರ ನಾಲ್ಕೈದು ಒಟ್ಟಿಗೆ ಸೊಂಟ ಮುಟ್ಟುತ್ತವೆ. ಗಾಳಿಯೇ ಇಲ್ಲದ ದಿನವೂ ದೂರದ ದಕ್ಷಿಣ ಸಾಗರದ ಬಿರುಗಾಳಿ ಎಬ್ಬಿಸಿದ ಉಬ್ಬುತೆರೆ ಇಲ್ಲಿಗೆ ಬರುತ್ತದೆ. ಕೇರಳದವರು ಅದಕ್ಕೆ 'ಕಳ್ಳಕ್ಕಡಲ್' ಅನ್ನುತ್ತಾರೆ, ಕಳ್ಳನಂತೆ ಬರುವ ಕಡಲು. ಇದರ ಮುನ್ನೆಚ್ಚರಿಕೆ ಕೊಡುವ ಇನ್‌ಕಾಯಿಸ್ ಸಂಸ್ಥೆ ಇರುವುದು ನಿಮ್ಮ ಪಕ್ಕದ ಹೈದರಾಬಾದಿನಲ್ಲಿ. ಹೊರಡುವ ಮುಂಚೆ ಅದರ ಎತ್ತರದ ತೆರೆಗಳ ಎಚ್ಚರಿಕೆ ನೋಡಿಕೊಳ್ಳಿ. ಮಳೆಗಾಲ ಮುಗಿದಿದೆ, ಬಿಸಿಲಿದೆ ಎಂಬುದು ಭರವಸೆಯಲ್ಲ. 2024ರ ಡಿಸೆಂಬರ್‌ನಲ್ಲಿ ಮುರ್ಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದ ನಾಲ್ವರು ವಿದ್ಯಾರ್ಥಿನಿಯರು ಮುಳುಗಿ ತೀರಿಕೊಂಡರು. ಅದು ಮಳೆಗಾಲವಲ್ಲ.

ಕಲಬುರಗಿಯಿಂದ ಗೋಕರ್ಣ ಸುಮಾರು 500 ಕಿಲೋಮೀಟರ್, ಹತ್ತು-ಹನ್ನೊಂದು ಗಂಟೆಯ ದಾರಿ. ಶಿವರಾತ್ರಿಯಾದರೆ ಉಪವಾಸ, ಜಾಗರಣೆ ಬೇರೆ. ನಿದ್ದೆಗೆಟ್ಟು, ಖಾಲಿ ಹೊಟ್ಟೆಯಲ್ಲಿ ಕಡಲಿಗಿಳಿಯುವುದು ಬೇಡ. ಪಾರಣೆ ಮಾಡಿ, ಒಂದು ರಾತ್ರಿ ಪೂರ್ತಿ ಮಲಗಿ, ಮರುದಿನ ಬೆಳಗ್ಗೆ 7ರಿಂದ 10ರ ನಡುವೆ ಇಳಿಯಿರಿ. ಹೊತ್ತೇರಿದಂತೆ ಕಡಲ ಗಾಳಿ ಎದ್ದು ಮಧ್ಯಾಹ್ನ ನೀರು ಕದಡುತ್ತದೆ.

ಉಪ್ಪುನೀರಿನಲ್ಲಿ ಮುಳುಗುವುದಿಲ್ಲ ಎಂಬ ಮಾತಿಗೆ ಲೆಕ್ಕ ನೋಡಿ. ಕಡಲ ನೀರು ಸಿಹಿನೀರಿಗಿಂತ ನೂರಕ್ಕೆ ಎರಡೂವರೆ ಪಾಲು ಮಾತ್ರ ಭಾರ. 70 ಕಿಲೋ ತೂಕದವರಿಗೆ ಇದರಿಂದ ಸಿಗುವ ಹೆಚ್ಚಿನ ತೇಲುವಿಕೆ ಸುಮಾರು 1.7 ಕಿಲೋ. ಮನುಷ್ಯನ ತಲೆಯ ತೂಕವೇ ನಾಲ್ಕೂವರೆ, ಐದು ಕಿಲೋ. ಅಂಗಾತ ಮಲಗಿ ಮುಖವಷ್ಟೇ ಮೇಲಿಟ್ಟುಕೊಳ್ಳಲು ಉಪ್ಪು ನೆರವಾಗುತ್ತದೆ, ನಿಂತವನ ಬಾಯಿಯನ್ನು ನೀರಿನಿಂದ ಮೇಲಿಡುವುದಿಲ್ಲ. ಈಜು ಬಾರದ ನಿಮ್ಮ ಮನೆಯವರಿಗೆ ಮೊಣಕಾಲ ನೀರು ಸಾಕು. ಸೀರೆ ಅಥವಾ ದುಪಟ್ಟಾ ತೆರೆಯಲ್ಲಿ ಕಾಲಿಗೆ ಸುತ್ತಿಕೊಳ್ಳುತ್ತದೆ, ಮೈಗಂಟುವ ಪ್ಯಾಂಟು-ಟೀಶರ್ಟ್ ಅನುಕೂಲ.

ಬಂಡೆಯ ಮೇಲಿಂದ ಜಿಗಿಯುವುದಕ್ಕೆ ನನ್ನ ಉತ್ತರ ಬೇಡ ಎಂದೇ. ಖಣಿಯಲ್ಲಿ ಇಪ್ಪತ್ತು ಅಡಿಯಿಂದ ಜಿಗಿದರೆ ಕೆಳಗೆ ಎಷ್ಟು ನೀರಿದೆ ಎಂದು ಹುಡುಗರಿಗೆ ಗೊತ್ತಿರುತ್ತದೆ. ಖಣಿಯೇನೂ ಸುರಕ್ಷಿತ ಎಂದಲ್ಲ, ಅಲ್ಲೂ ತಳದಲ್ಲಿ ಬಿಟ್ಟುಹೋದ ಫರ್ಸಿಯ ಅಂಚುಗಳಿರುತ್ತವೆ. ಆದರೂ ನೀರಿನ ಮಟ್ಟ ಬೆಳಗ್ಗೆಗೂ ಸಂಜೆಗೂ ಬದಲಾಗುವುದಿಲ್ಲ. ಇಲ್ಲಿ ಬದಲಾಗುತ್ತದೆ, ಮರಳೂ ಜಾಗ ಬದಲಿಸುತ್ತದೆ. ಇಪ್ಪತ್ತು ಅಡಿಯಿಂದ ಬಿದ್ದ ಮೈ ನೀರು ಮುಟ್ಟುವಾಗ ಗಂಟೆಗೆ 39 ಕಿಲೋಮೀಟರ್ ವೇಗದಲ್ಲಿರುತ್ತದೆ. ಸ್ಪರ್ಧೆಯ ಈಜುಕೊಳದಲ್ಲಿ 3 ಮೀಟರ್ ಎತ್ತರದ ಹಲಗೆಯ ಕೆಳಗೇ 3.7 ಮೀಟರ್ ನೀರು ಬೇಕೆಂಬ ನಿಯಮವಿದೆ, ಅಂದರೆ ಹನ್ನೆರಡು ಅಡಿ. ಕೊಲ್ಲಿಯ ಬಂಡೆ ಬುಡದಲ್ಲಿ ಅಷ್ಟು ನೀರಿರುತ್ತದೆ ಎಂಬ ಖಾತ್ರಿಯಿಲ್ಲ. ತಲೆ ಮುಂದಾಗಿ ಬಿದ್ದರೆ ಮುರಿಯುವುದು ಕತ್ತಿನ ಮೂಳೆ, ಕೈಕಾಲು ಮತ್ತೆ ಏಳುವುದಿಲ್ಲ.

ಬಾವಿಯ ಇನ್ನೊಂದು ಆಟವನ್ನೂ ಊರಲ್ಲೇ ಬಿಟ್ಟು ಬನ್ನಿ: ತಳ ಮುಟ್ಟಿ ಮುಷ್ಟಿ ಮಣ್ಣು ತಂದು ತೋರಿಸುವ ಪಂದ್ಯ. ಹೆಚ್ಚು ಹೊತ್ತು ನಿಲ್ಲಲೆಂದು ಹುಡುಗರು ಮುಳುಗುವ ಮುಂಚೆ ಹತ್ತಿಪ್ಪತ್ತು ಸಲ ಜೋರಾಗಿ ಉಸಿರು ಎಳೆದು ಬಿಡುತ್ತಾರೆ. ಇದರಿಂದ ರಕ್ತದಲ್ಲಿ ಆಮ್ಲಜನಕ ಅಷ್ಟೇನೂ ಹೆಚ್ಚುವುದಿಲ್ಲ, ಇಂಗಾಲದ ಡೈಆಕ್ಸೈಡ್ ಮಾತ್ರ ಇಳಿಯುತ್ತದೆ. ಉಸಿರು ಬೇಕು ಎಂದು ಒಳಗಿನಿಂದ ಒದೆಯುವುದು ಆ ಡೈಆಕ್ಸೈಡೇ. ಅದಿಲ್ಲದೆ, ಯಾವ ಸಂಕಟವೂ ಕಾಣದೆ, ಮೇಲೆ ಬರುವಾಗಲೇ ಎಚ್ಚರ ತಪ್ಪುತ್ತದೆ. ಮುಳುಗು ಹಾಕುವುದೇ ಆದರೆ ಎರಡು ಸಾಮಾನ್ಯ ಉಸಿರು ಸಾಕು. ಒಬ್ಬ ಕೆಳಗಿದ್ದಾಗ ಇನ್ನೊಬ್ಬ ಮೇಲೆ ನಿಂತು ಅವನನ್ನೇ ನೋಡುತ್ತಿರಬೇಕು.

ಸಣ್ಣವನಿಗೆ ಬೆನ್ನಿಗೆ ಡಬ್ಬಿ ಬೇಡ. ತೆರೆ ಬಡಿದಾಗ ಅದು ಅವನನ್ನು ಮುಖ ಕೆಳಗೆ ಮಾಡಿ ಹಿಡಿಯಬಹುದು. ಗಾಳಿ ತುಂಬಿದ ಟ್ಯೂಬು ಇನ್ನೂ ಕೆಟ್ಟದ್ದು. ಚಳಿಗಾಲದ ಬೆಳಗಿನ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ. ಈಜಲು ಒಳ್ಳೆಯದು ಎಂದು ಮೇಲೆ ಹೇಳಿದ ಅದೇ ಹೊತ್ತಿನಲ್ಲಿ ಟ್ಯೂಬು ಮಗುವನ್ನು ಸದ್ದಿಲ್ಲದೆ ಹೊರಗೆ ಒಯ್ಯುತ್ತದೆ. ಅವನ ತೂಕಕ್ಕೆ ಹೊಂದುವ, ತೊಡೆಯ ಸಂದಿನಿಂದ ಪಟ್ಟಿ ಇರುವ ಲೈಫ್ ಜಾಕೆಟ್ ತೊಡಿಸಿ. ಭುಜ ಹಿಡಿದು ಮೇಲಕ್ಕೆತ್ತಿದಾಗ ಅದು ಕಿವಿವರೆಗೆ ಜಾರಿದರೆ ಅಳತೆ ದೊಡ್ಡದು. ಜಾಕೆಟ್ ಇದ್ದರೂ ನೀವು ಅವನಿಂದ ಒಂದು ತೋಳಿನ ದೂರದಲ್ಲಿರಬೇಕು.

ಹಾಫ್ ಮೂನ್‌ಗೆ ಗಾಡಿ ಹೋಗುವುದಿಲ್ಲ. ಓಂ ಬೀಚಿನಿಂದ ಗುಡ್ಡದ ಕಾಲುದಾರಿ ಇಲ್ಲವೇ ದೋಣಿ. ಜೀವರಕ್ಷಕರು ಇರುತ್ತಾರೆಂದು ಲೆಕ್ಕ ಹಾಕಬೇಡಿ, ಮೊಬೈಲ್ ಸಿಗ್ನಲ್‌ನದೂ ಅದೇ ಕಥೆ. ಈಜುವುದೇ ಮುಖ್ಯ ಆಸೆಯಾದರೆ, ಜೀವರಕ್ಷಕರು ಕಣ್ಣಿಗೆ ಕಾಣುವ ಬೀಚಿನಲ್ಲಿ ಈಜಿ, ಹಾಫ್ ಮೂನ್‌ಗೆ ನೋಡಲು ಹೋಗಿ. ಹೋಗಿಯೂ ಅಲ್ಲೇ ಇಳಿಯುವುದಾದರೆ ನಡುಭಾಗದಲ್ಲಿ, ಎರಡೂ ಬಂಡೆಗಳಿಂದ ಕನಿಷ್ಠ ಮೂವತ್ತು ಹೆಜ್ಜೆ ದೂರ, ಎದೆಮಟ್ಟ ದಾಟದೆ. ಕೈಕಾಲು ಗಟ್ಟಿ ಇರುವ ಒಬ್ಬರು ಸದಾ ದಡದಲ್ಲಿರಲಿ, ಮೊಬೈಲ್ ಜೇಬಿನಲ್ಲಿಟ್ಟು. ಅವರ ಪಕ್ಕದಲ್ಲಿ ಹದಿನೈದು ಮೀಟರ್ ಹಗ್ಗ ಕಟ್ಟಿದ ಐದು ಲೀಟರ್‌ನ ಖಾಲಿ ಕ್ಯಾನು. ಎಸೆದರೆ ದೂರ ಹೋಗಲೆಂದು ಅದರಲ್ಲಿ ಅರ್ಧ ಲೀಟರ್ ನೀರು ಬಿಟ್ಟು ಮುಚ್ಚಳ ಬಿಗಿಯಿರಿ. ನಾಲ್ಕೂವರೆ ಕಿಲೋ ತೇಲುವಿಕೆ, ಒಬ್ಬ ಮನುಷ್ಯನ ಮುಖ ಮೇಲಿಡಲು ಸಾಕು.

ಮುಳುಗುವವರು ಸಿನಿಮಾದಂತೆ ಕೂಗುವುದಿಲ್ಲ. ತಲೆ ಹಿಂದಕ್ಕೆ ವಾಲಿ, ಬಾಯಿ ನೀರಿನ ಮಟ್ಟಕ್ಕಿದ್ದು, ಕೈಗಳು ಬದಿಯಲ್ಲಿ ನೀರನ್ನು ಒತ್ತುತ್ತಿರುತ್ತವೆ. ಇಪ್ಪತ್ತರಿಂದ ಅರವತ್ತು ಸೆಕೆಂಡು, ಅಷ್ಟೇ. ಕ್ಯಾನು ಎಸೆಯಿರಿ, ನೀವೇ ಹಾರಬೇಡಿ. ತಮ್ಮನನ್ನು ಉಳಿಸಲು ಹೋದ ಅಣ್ಣನೂ ಹೋದ ಎಂಬ ಸುದ್ದಿ ನಮ್ಮ ಕೃಷ್ಣಾ, ಭೀಮಾ ದಂಡೆಯಲ್ಲೂ ಹೊಸದಲ್ಲ. ಹೊರಗೆ ತಂದ ಮೇಲೆ ಹೊಟ್ಟೆ ಒತ್ತುವುದು, ಹೆಗಲ ಮೇಲೆ ಹಾಕಿ ತಿರುಗಿಸುವುದು ಬೇಡವೇ ಬೇಡ, ಹೊಟ್ಟೆಯ ನೀರು ಬಂದು ಶ್ವಾಸಕೋಶಕ್ಕೆ ಇಳಿಯುತ್ತದೆ. ಉಸಿರಿಲ್ಲದಿದ್ದರೆ ಅಂಗಾತ ಮಲಗಿಸಿ, ಗದ್ದ ಎತ್ತಿ, ಮೂಗು ಮುಚ್ಚಿ, ಬಾಯಿಗೆ ಬಾಯಿಟ್ಟು ಮೊದಲು ಎರಡು ಸಲ ಉಸಿರು ತುಂಬಿ. ನಂತರ ಎದೆಯ ನಡುವೆ 30 ಸಲ ಒತ್ತಿ, ಎರಡು ಉಸಿರು, ಮತ್ತೆ 30. ಕರೆ 112ಕ್ಕೆ ಅಥವಾ 108ಕ್ಕೆ. ದೋಣಿಯಲ್ಲಿ ಅನಾಹುತವಾದರೆ ಕರಾವಳಿ ರಕ್ಷಣಾ ಪಡೆಯ 1554. ಎಚ್ಚರ ತಪ್ಪಿ ಚೇತರಿಸಿಕೊಂಡವರು "ನನಗೇನೂ ಆಗಿಲ್ಲ" ಅಂದರೂ ಆಸ್ಪತ್ರೆಗೆ ಒಯ್ಯಲೇಬೇಕು. ಕೆಲವು ಗಂಟೆಗಳ ನಂತರ ಉಸಿರಾಟ ಕೆಡುವುದುಂಟು.

ಸ್ಕೂಬಾಕ್ಕೆ ಬರೋಣ. ಇಲ್ಲಿ ನಿಮಗೆ ಆಶ್ಚರ್ಯವಾಗಬಹುದು: ಈಜು ಬಾರದ ನಿಮ್ಮ ಮನೆಯವರು ಪರಿಚಯ ಡೈವ್ ಮಾಡಬಹುದು, ಈಜು ಬರುವ ನೀವು ಡಾಕ್ಟರ ಒಪ್ಪಿಗೆಯಿಲ್ಲದೆ ಮಾಡುವಂತಿಲ್ಲ. ಪರಿಚಯ ಡೈವ್ ಎಂದರೆ ತರಬೇತುದಾರರು ಪಕ್ಕದಲ್ಲೇ ಇದ್ದು, ಗಾಳಿಯ ಜಾಕೆಟ್ಟಿನ ಗುಂಡಿ ಅವರೇ ಒತ್ತಿ, ಹೆಚ್ಚೆಂದರೆ 12 ಮೀಟರ್ ಆಳಕ್ಕೆ ಇಳಿಸುವುದು. ಒಬ್ಬ ತರಬೇತುದಾರರಿಗೆ ಒಬ್ಬರೇ ಇರಲಿ ಎಂದು ಕೇಳಿ ಪಡೆಯಿರಿ. ವಯಸ್ಸು 10 ತುಂಬಿರಬೇಕು, ಸಣ್ಣವನು ದೋಣಿಯಲ್ಲೇ ಉಳಿಯುತ್ತಾನೆ. ಅವನ ಜೊತೆ ಯಾರು ಕೂಡುತ್ತೀರಿ ಎಂದು ಈಗಲೇ ತೀರ್ಮಾನಿಸಿ.

ನಿಮ್ಮದು 46 ವಯಸ್ಸು, ಬಿ.ಪಿ. ಬೇರೆ. ಕುತ್ತಿಗೆವರೆಗೆ ನೀರಿಗಿಳಿದರೆ ಕೈಕಾಲಿನ ರಕ್ತ ಎದೆಯ ಕಡೆ ಒತ್ತಿಬರುತ್ತದೆ, ಹೃದಯಕ್ಕೆ ಹೊರೆ ಹೆಚ್ಚುತ್ತದೆ. ಹಿಡಿತದಲ್ಲಿರುವ ಬಿ.ಪಿ. ಇದ್ದವರು ಡೈವ್ ಮಾಡಬಾರದೆಂದೇನಿಲ್ಲ, ಆದರೆ ಹೊರಡುವ ಮುಂಚೆ ಕಲಬುರಗಿಯಲ್ಲೇ ನಿಮ್ಮ ಡಾಕ್ಟರಿಗೆ ಗುಳಿಗೆಯ ಹೆಸರು ತೋರಿಸಿ, ಡೈವ್ ಮಾಡಬಹುದು ಎಂದು ಬರೆಸಿಕೊಳ್ಳಿ. ಡೈವ್ ಅಂಗಡಿಯಲ್ಲಿ ಕೊಡುವ ಆರೋಗ್ಯದ ಫಾರ್ಮಿನಲ್ಲಿ ಎಲ್ಲಕ್ಕೂ "ಇಲ್ಲ" ಎಂದು ಗೀಚುವವರೇ ಬಹಳ. ದುಡ್ಡು ಕಟ್ಟಿ ಅಷ್ಟು ದೂರ ಬಂದ ಮೇಲೆ ಹಿಂದಿರುಗಲು ಮನಸ್ಸಾಗುವುದಿಲ್ಲ, ಅದು ಅರ್ಥವಾಗುತ್ತದೆ. ಆದರೆ ಅಸ್ತಮಾ, ಮೂರ್ಛೆರೋಗ, ಹೃದಯದ ತೊಂದರೆ, ಗರ್ಭ, ಕಿವಿಯ ಆಪರೇಷನ್ ಇವನ್ನು ಮುಚ್ಚಿಟ್ಟರೆ ನೀರೊಳಗೆ ಸರಿಪಡಿಸುವ ದಾರಿ ಇಲ್ಲ. ನೆಗಡಿ ಇದ್ದರೂ ಆ ದಿನ ಬಿಟ್ಟುಬಿಡಿ.

ಕಾರಣ ಕಿವಿ. 10 ಮೀಟರ್ ಇಳಿದರೆ ಒತ್ತಡ ದುಪ್ಪಟ್ಟಾಗುತ್ತದೆ, ಕಿವಿಯ ಒಳಗಿನ ಗಾಳಿ ಅರ್ಧಕ್ಕೆ ಕುಗ್ಗುತ್ತದೆ. ಮೂಗು ಹಿಡಿದು ಮೆಲ್ಲಗೆ ಊದಿ ಅದನ್ನು ತುಂಬುತ್ತಿರಬೇಕು. ಆರಂಭದಲ್ಲಿ ಪ್ರತಿ ಎರಡು-ಮೂರು ಅಡಿಗೊಮ್ಮೆ, ನೋವು ಶುರುವಾಗುವ ಮುಂಚೆಯೇ. ನೋವಾದರೆ ಇನ್ನೂ ಜೋರಾಗಿ ಊದಬೇಡಿ, ಕೈಸನ್ನೆ ಮಾಡಿ ಎರಡಡಿ ಮೇಲೆ ಬಂದು ಮತ್ತೆ ಊದಿ. ಮೇಲೇರುವಾಗ ಇದರ ತಿರುವು. 10 ಮೀಟರ್ ಕೆಳಗೆ ಸಿಲಿಂಡರ್‌ನಿಂದ ಎಳೆದ ಮೂರು ಲೀಟರ್ ಗಾಳಿ ಮೇಲೆ ಬರುವಷ್ಟರಲ್ಲಿ ಆರು ಲೀಟರ್ ಆಗಲು ನೋಡುತ್ತದೆ. ಬಾವಿ ಕಲಿಸಿದ ಚಾಳಿ ಎಂದರೆ ಉಸಿರು ಬಿಗಿಹಿಡಿಯುವುದು. ಬಾವಿಯಲ್ಲಿ ದಡದ ಗಾಳಿ ಎಳೆದು ಮುಳುಗಿರುತ್ತೀರಿ, ಮೇಲೆ ಬಂದಾಗ ಅದು ಮೊದಲಿನಷ್ಟೇ ಆಗುತ್ತದೆ. ಸಿಲಿಂಡರ್ ಗಾಳಿ ಹಾಗಲ್ಲ. ಉಸಿರು ಹಿಡಿದು ನಾಲ್ಕಡಿ ಮೇಲೇರಿದರೂ ಶ್ವಾಸಕೋಶ ಹರಿಯಬಹುದು. ಎಳೆಯುತ್ತಾ ಬಿಡುತ್ತಾ ಇರಿ, ಎಲ್ಲೂ ತಡೆಯಬೇಡಿ. ಈ ಒಂದು ವಿಷಯದಲ್ಲಿ ಈಜು ಬಾರದವರು ನಿಮಗಿಂತ ಬೇಗ ಕಲಿಯುತ್ತಾರೆ, ಬಿಡಬೇಕಾದ ಚಾಳಿ ಅವರಿಗಿಲ್ಲ.

ಮುರ್ಡೇಶ್ವರದಿಂದ ನೇತ್ರಾಣಿ ಸುಮಾರು 19 ಕಿಲೋಮೀಟರ್, ದೋಣಿಯಲ್ಲಿ ಒಂದು-ಒಂದೂವರೆ ಗಂಟೆ. ವಾಂತಿ ಬರುವವರು ಡಾಕ್ಟರನ್ನು ಕೇಳಿ ಗುಳಿಗೆ ತೆಗೆದುಕೊಳ್ಳಬೇಕಾದ್ದು ಹೊರಡುವ ಒಂದು ಗಂಟೆ ಮುಂಚೆ, ವಾಂತಿ ಶುರುವಾದ ಮೇಲಲ್ಲ. ಖಾಲಿ ಹೊಟ್ಟೆಯೂ ಬೇಡ, ಕರಿದದ್ದೂ ಬೇಡ. ಎರಡು ಇಡ್ಲಿ ತಿನ್ನಿ. ಸುಸಲಾ-ಮಿರ್ಚಿ ಊರಿಗೆ ಬಂದ ಮೇಲೆ ತಿಂದರಾಯಿತು. ಅಂದಹಾಗೆ ಮೀನು, ಹವಳ ನೋಡುವ ಆಸೆಯಿದ್ದರೆ ನೇತ್ರಾಣಿಯೇ ಸರಿ. ಗೋಕರ್ಣದ ಕೊಲ್ಲಿಗಳಲ್ಲಿ ಮರಳು ಎದ್ದು ನೀರು ಮಬ್ಬಾಗಿರುತ್ತದೆ, ಅಲ್ಲಿಗೆಂದು ಸ್ನಾರ್ಕೆಲ್ (ಮುಖ ನೀರಿನಲ್ಲಿಟ್ಟು ಉಸಿರಾಡುವ ಕೊಳವೆ) ಕೊಳ್ಳಬೇಡಿ.

ಕೊನೆಗೆ ಅವತ್ತೇ ರಾತ್ರಿ ಹೊರಡುವ ವಿಚಾರ. ಒತ್ತಡದಲ್ಲಿ ಎಳೆದ ಗಾಳಿಯ ಸಾರಜನಕ ರಕ್ತದಲ್ಲಿ ಕರಗಿರುತ್ತದೆ, ಹೊರಹೋಗಲು ಹೊತ್ತು ಬೇಕು. ಬೇಗ ಎತ್ತರಕ್ಕೆ ಹೋದರೆ ಸೋಡಾ ಬಾಟಲಿ ತೆರೆದಂತೆ ಗುಳ್ಳೆ ಏಳಬಹುದು. ಒಂದು ಡೈವ್ ಆದ ಮೇಲೆ ವಿಮಾನ ಹತ್ತಲು 12 ಗಂಟೆ ಬಿಡಬೇಕು ಎಂಬ ನಿಯಮ 600 ಮೀಟರ್‌ಗಿಂತ ಎತ್ತರದ ಊರುಗಳಿಗೂ ಅನ್ವಯಿಸುತ್ತದೆ. ನೀವು ಅಂಕೋಲಾದಿಂದ ಅರಬೈಲ್ ಘಟ್ಟ ಹತ್ತಿ ಹುಬ್ಬಳ್ಳಿ ಮುಟ್ಟುವಷ್ಟರಲ್ಲಿ ಆ ಎತ್ತರ ದಾಟಿರುತ್ತೀರಿ. ಹತ್ತು ಮೀಟರ್‌ನ ಒಂದೇ ಡೈವಿಗೆ ಅಪಾಯ ಸಣ್ಣದು, ಆದರೆ ದಣಿದ ಮೈಯಲ್ಲಿ ಘಟ್ಟದ ರಾತ್ರಿ ಡ್ರೈವಿಂಗ್ ಸಣ್ಣ ಅಪಾಯವಲ್ಲ. ರಾತ್ರಿ ಮುರ್ಡೇಶ್ವರದಲ್ಲೇ ಮಲಗಿ, ಬೆಳಗ್ಗೆ ಹೊರಡಿ. ಊರಿಗೆ ಬಂದ ಮೇಲೆ ಒಂದು ದಿನದೊಳಗೆ ಕೀಲು ನೋವು, ಜೋಮು, ತಲೆಸುತ್ತು, ಎದೆನೋವು ಕಂಡರೆ, ಡಾಕ್ಟರಿಗೆ ಮೊದಲ ಮಾತೇ ಇದಾಗಿರಲಿ: "ನಿನ್ನೆ ಸಿಲಿಂಡರ್ ಹಾಕಿಕೊಂಡು ಕಡಲಲ್ಲಿ ಇಷ್ಟು ಮೀಟರ್ ಇಳಿದಿದ್ದೆ." ಕಲಬುರಗಿಯಲ್ಲಿ ಕೂತ ಡಾಕ್ಟರಿಗೆ ತಾನಾಗಿ ಅದು ಹೊಳೆಯುವ ಮಾತಲ್ಲ.